ತಬ್ಬಲಿ ಕಪಾಟಿನ ಹಳದಿ

ಜೂನ್ 3

ಅಪ್ಪನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರಕ್ಕಲ್ಲ, ರಾಜಿಗೂ ಅಲ್ಲ. ನೀವು ಕಳಿಸಿದ ಮೂರು ಪತ್ರಗಳಲ್ಲಿ ಎರಡನ್ನು ಒಡೆಯದೆ ವಾಪಸ್ ಕಳಿಸಿದೆ. ಮೊದಲನೆಯದು ದಪ್ಪಗಿತ್ತು. ಅದನ್ನು ಹಾಗೇ ಮಡಚಿ ನನ್ನ ಕೋಣೆಯ ಮೇಜಿನ ಕುಂಟುಕಾಲಿನ ಅಡಿಗೆ ಕೊಟ್ಟಿದ್ದೇನೆ. ಮೇಜು ಅಲುಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನದನ್ನು ಓದಿ ಮಗಳು ಕರಗಿದಳು ಎಂದು ನೀವು ತಿಳಿಯಬಾರದು.

ನಿಮ್ಮನ್ನು ಹೊರಹಾಕಿದ ಅದೇ ಸಂಗ್ರಹಾಲಯದಲ್ಲಿ ಎಂಟು ತಿಂಗಳಿಂದ ಚೀಟಿ ಬರೆಯುವ ಕೆಲಸದಲ್ಲಿದ್ದೇನೆ. ಯಾರ ಮಗಳೆಂದು ಹೇಳಿಲ್ಲ. ಅಪ್ಪ ಕೆಡಿಸಿದ್ದನ್ನು ಮಗಳು ನೆಟ್ಟಗೆ ಮಾಡಬೇಕು ಎಂಬ ಹಟದಿಂದ ಸೇರಿದೆ. ಶಾಲೆಯಲ್ಲಿ ‘ಬಣ್ಣ ಬಳಿದವನ ಮಗಳು’ ಎಂದವರ ಜುಟ್ಟು ಹಿಡಿದು ಹೊಡೆದಾಡಿದವಳು ನಾನು. ನಿಮ್ಮ ಸುಳ್ಳಿನ ಸಾಕ್ಷಿ ನನ್ನ ಕೈಗೇ ಸಿಕ್ಕ ದಿನ ಮನೆ ಬಿಟ್ಟೆ. ಅದೇನೆಂದು ನಿಮಗೂ ಗೊತ್ತು.

ಇಲ್ಲಿ ಪ್ರತಿಯೊಂದು ಜೀವಿಗೂ ಜಾಗವಿದೆ. ಗಿಡಗಳಿಗೆ ಮೊದಲ ಮಹಡಿ, ಅಣಬೆಗಳಿಗೆ ಎರಡನೆಯದು, ಪ್ರಾಣಿಗಳಿಗೆ ಮೂರನೆಯದು. ಎಲ್ಲಿಯೂ ಸಲ್ಲದವನ್ನು ಮೆಟ್ಟಿಲ ಕೆಳಗಿನ ತಬ್ಬಲಿ ಕಪಾಟಿನಲ್ಲಿ ತುರುಕುತ್ತಾರೆ. ಆ ಕಪಾಟು ನನಗೆ ಮೊದಲಿನಿಂದಲೂ ಸಿಟ್ಟು ತರಿಸುತ್ತಿತ್ತು. ‘ಗೊತ್ತಿಲ್ಲ ಎಂಬುದು ಸೋಮಾರಿಯ ಉತ್ತರ’ ಎಂದು ನಾನು ಓದುವ ವಿಚಾರವಾದದ ಕಿರುಹೊತ್ತಿಗೆಯೊಂದರ ಬೆನ್ನಿಗೇ ಅಚ್ಚಾಗಿದೆ. ವರ್ಷದೊಳಗೆ ಆ ಕಪಾಟನ್ನು ಖಾಲಿ ಮಾಡಿಸುತ್ತೇನೆ ಎಂದು ಶಪಥ ಮಾಡಿದ್ದೆ.

ಹೋದ ವಾರ ಕಾಡಿನಿಂದ ಒಂದು ಪೊಟ್ಟಣ ಬಂತು. ತೊಗಟೆಯ ತುಂಡಿನ ಮೇಲೆ ಒಣಗಿದ ಹಳದಿ ಚಕ್ಕೆ. ಮುಟ್ಟಿದರೆ ಪುಡಿಯಾಗುವಷ್ಟು ಒಣಕಲು. ಕಾಗದದ ತಟ್ಟೆಯಲ್ಲಿಟ್ಟು ತಬ್ಬಲಿ ಕಪಾಟಿನ ಮೂರನೇ ಸೆಳೆಖಾನೆಗೆ ಸೇರಿಸಿದೆ. ರಜೆಯಲ್ಲಿ ಮೇಲಿನ ಕೊಳವೆ ಸೋರಿದೆ. ಇವತ್ತು ಬೆಳಿಗ್ಗೆ ಎಳೆದು ನೋಡಿದರೆ ತೊಗಟೆ ಬೋಳು! ಹಳದಿ ತಟ್ಟೆಯ ಅಂಚು ಹತ್ತಿ, ಇಳಿದು, ಪಕ್ಕದ ತಟ್ಟೆಯ ಮೇಲೆ ಬೀಸಣಿಗೆಯಂತೆ ಹರಡಿ ನಿಂತಿದೆ. ಒದ್ದೆಯಾಗಿದೆ. ನರಗಳಿವೆ. ನನ್ನ ಬಾಯಿಂದ ಕಿರುಚು ಹೊರಟಿತು.

ಬೀಗದ ಕೈ ನೋಡಿಕೊಳ್ಳುವ ತಾತ ಓಡಿಬಂದ. “ಅಯ್ಯೋ, ಮತ್ತೆ ಶುರುವಾಯ್ತಾ! ಯಾರಮ್ಮ ಬಣ್ಣ ಬಳಿದಿದ್ದು, ನೀನಾ?”

“ನಾನ್ಯಾಕೆ ತಾತ ಬಳೀಲಿ?”

“ಹನ್ನೆರಡು ವರ್ಷದ ಕೆಳಗೆ ಒಬ್ಬ ಇದ್ದ. ಅವನೂ ಹೀಗೇ ಕಣ್ಣು ಕಣ್ಣು ಬಿಟ್ಕೊಂಡು ಹೇಳ್ದ, ತಾನಾಗೇ ನಡ್ಕೊಂಡು ಹೋಯ್ತು ಸಾರ್ ಅಂತ. ಪಾಪ, ಅದರ ಹಿಂದೇನೇ ಅವನ ಕೆಲಸಾನೂ ನಡ್ಕೊಂಡು ಹೋಯ್ತು.”

ಹಳದಿಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ಎದುರಿಗೇ ಕುಳಿತೆ. ಆಗ ಹತ್ತು ಗಂಟೆ. ಹನ್ನೆರಡಕ್ಕೆ ಅದು ಗೆರೆ ದಾಟಿ ಎರಡು ಬೆರಳಗಲ ಆಚೆಗಿತ್ತು. ಯಾರೂ ಮುಟ್ಟಿಲ್ಲ. ನಾನು ರೆಪ್ಪೆ ಕೂಡ ಸರಿಯಾಗಿ ಬಡಿದಿಲ್ಲ.

ನನ್ನದು ಒಂದೇ ಪ್ರಶ್ನೆ. ಅಂದು ನೀವು ಹೇಳಿದ್ದು ನಿಜವೇ? ಹೌದು ಅಥವಾ ಇಲ್ಲ ಎಂದಷ್ಟೇ ಬರೆಯಿರಿ.

ಇಂತಿ,
ಮಗಳು

---

ಜೂನ್ 10

ಮಗಳೇ,

ಹೌದು.

ಅಷ್ಟಕ್ಕೇ ನಿಲ್ಲಿಸು ಎಂದಿದ್ದೀಯ. ಆದರೆ ಒಂದು ಮಾತಿಗೆ ಒಂದು ಹಾಳೆ ದಂಡ ಮಾಡಲು ಮನಸ್ಸು ಬರಲಿಲ್ಲ. ನಿನ್ನ ಅಕ್ಷರ ನೋಡಿ ಕೈಕಾಲು ಆಡಲಿಲ್ಲ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲೇ ಈಗಲೂ ಇದ್ದೇನೆ. ಈವತ್ತು ಒಂದು ಮದುವೆಯ ಫೋಟೋವನ್ನು ತಲೆಕೆಳಗಾಗಿ ಕೂರಿಸಿ ಮೊಳೆ ಹೊಡೆದೆ. “ಏನಪ್ಪಾ, ಮದುವೆ ಆದ್ಮೇಲೆ ಪ್ರಪಂಚ ಹೀಗೇ ಕಾಣುತ್ತೆ ಅಂತಾನಾ?” ಎಂದರು ಯಜಮಾನರು.

ಆಗ ನಿನಗೆ ಒಂಬತ್ತು ವರ್ಷ. ಪೂರ್ತಿ ಹೇಳಿರಲಿಲ್ಲ. ಅಂದು ನನ್ನ ಕೈಗೆ ಬಂದ ಹಳದಿ ಚಕ್ಕೆ ಜಗತ್ತಿಗೆಲ್ಲ ಒಂದೇ ಇದ್ದದ್ದು. ನಮ್ಮ ಹಿರಿಯ ಅಧಿಕಾರಿಗಳು ಅದನ್ನು ಹೊಸ ಜಾತಿಯ ಅಣಬೆ ಎಂದು ಹೆಸರಿಟ್ಟು ಸಹಿ ಹಾಕಿದ್ದರು. ಅದನ್ನು ಜೋಡಿಸಿ ಇಡುವ ಕೆಲಸ ನನ್ನದು. ಅದು ನಡೆದ ದಿನ ಸೆಳೆಖಾನೆಯನ್ನೇ ಕಿತ್ತು ಹೊತ್ತುಕೊಂಡು ಮೂರು ಮಹಡಿ ಹತ್ತಿದೆ. ಗಿಡದವರು “ಹಸಿರಿಲ್ಲ, ನಮ್ಮದಲ್ಲ” ಎಂದರು. ಪ್ರಾಣಿಯವರು “ಕಾಲಿಲ್ಲ, ಬಾಯಿಲ್ಲ, ನಮ್ಮದಲ್ಲ” ಎಂದರು. ಅಣಬೆಯವರು “ನಮ್ಮದೇ, ಆದ್ದರಿಂದ ನಡೆದಿಲ್ಲ” ಎಂದರು. ಹಿರಿಯರು ಕೊನೆಗೆ ಹೇಳಿದ್ದು ಇಷ್ಟೇ: “ಅಣಬೆ ನಡೆಯಲ್ಲಪ್ಪ. ಅಂದ್ಮೇಲೆ ನೀನೇ ನಡೆಸಿದ್ದು.” ಚಕ್ಕೆಯನ್ನು ಕಳೆದು, ಮುಚ್ಚಿಹಾಕಲು ಹಳದಿ ಬಣ್ಣ ಬಳಿದೆ ಎಂದು ಬರೆದುಕೊಂಡರು.

ಬಿಟ್ಟುಬಿಡು. ನಿನ್ನ ಕೆಲಸ ನೋಡಿಕೋ. ಒಡೆದ ಗಾಜಿಗೆ ನಾನು ಅಂಟು ಹಾಕುವುದಿಲ್ಲ, ಹೊಸದನ್ನೇ ಕತ್ತರಿಸುತ್ತೇನೆ.

ಚಿಕ್ಕವಳಿದ್ದಾಗ ನನ್ನನ್ನು ‘ನೀನು’ ಎನ್ನುತ್ತಿದ್ದೆ, ಈಗ ‘ನೀವು’ ಎಂದು ಬರೆದಿದ್ದೀಯ. ದೊಡ್ಡವಳಾಗಿದ್ದೀಯ ಎಂದುಕೊಂಡೆ.

ನಿನ್ನಪ್ಪ

---

ಜೂನ್ 17

ಅಪ್ಪ,

ಬಿಡುವುದಿಲ್ಲ. ನಿಮ್ಮ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ನೇರವಾಗಿ ಮೇಡಮ್ ಕೋಣೆಗೆ ಹೋದೆ. ಈಗಿನ ಮುಖ್ಯಾಧಿಕಾರಿ ಅವರೇ. ಯಾರ ಮಗಳೆಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಆಮೇಲೆ ಮೂರನೇ ಸೆಳೆಖಾನೆ ನೋಡಲು ಬಂದರು.

“ಲೋಳೆಬೂಷ್ಟು ಕಣಮ್ಮ ಇದು. ಹೆಸರಿಗೆ ಬೂಷ್ಟು ಅಷ್ಟೇ, ಬೂಷ್ಟಲ್ಲ. ಗಿಡದ ಮನೆಯಿಂದ ಅಣಬೆ ಮನೆಗೆ, ಅಲ್ಲಿಂದ ಪ್ರಾಣಿ ಮನೆಗೆ, ಎಷ್ಟೋ ಕಾಲದಿಂದ ಸಾಗಹಾಕ್ತಾನೇ ಇದಾರೆ. ಈಗ ಅಮೀಬಾಗೆ ದೂರದ ನೆಂಟ ಅಂತಾರೆ. ನಾಳೆ ಏನಂತಾರೋ.”

ಮುಂದೆ ಅವರು ಹೇಳಿದ್ದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಅಂಗೈಯಗಲ ಹರಡಿದ್ದರೂ ಅದೆಲ್ಲ ಒಂದೇ ಜೀವಕೋಶವಂತೆ. ಎರಡಾಗಿ ಕತ್ತರಿಸಿದರೆ ಎರಡಾಗಿ ಬದುಕುತ್ತದಂತೆ. ಹತ್ತಿರ ಇಟ್ಟರೆ ಮತ್ತೆ ಒಂದಾಗುತ್ತದಂತೆ. ತಲೆಯಿಲ್ಲದೆ ದಾರಿ ಹುಡುಕುತ್ತದಂತೆ. ನೀರು ಬತ್ತಿದರೆ ಚಕ್ಕೆಯಾಗಿ ಮಲಗಿ, ವರ್ಷಗಳಾದ ಮೇಲೂ ನೀರು ತಾಕಿದರೆ ಎದ್ದು ಹೊರಡುತ್ತದಂತೆ. ನಾನು ಓದಿದ ಒಂದು ಹೊತ್ತಿಗೆಯಲ್ಲೂ ಇದಿಲ್ಲ. ಗೊತ್ತಿಲ್ಲ ಎಂದವರನ್ನೆಲ್ಲ ಸೋಮಾರಿಗಳೆಂದು ಬೈದವಳು ನಾನು!

ಆಮೇಲೆ ಹಳೆಯ ದಾಖಲೆ ಪುಸ್ತಕ ತರಿಸಿದರು. ನಿಮ್ಮ ಪುಟ ಕೆಂಪು ಶಾಯಿಯಲ್ಲಿದೆ: ‘ಮಾದರಿ ನಾಶ. ಕಾರಣ, ಜೋಡಣೆಗಾರನ ವಂಚನೆ.’

“ತಿದ್ದಿ ಮೇಡಮ್,” ಎಂದೆ. “ಈಗ ನೀವೇ ಕಣ್ಣಾರೆ ಕಂಡಿರಲ್ಲ.”

“ಇದು ನಡೀತು ನಿಜ. ಅದೂ ನಡೀತು ಅಂತ ಹೇಗಮ್ಮ ಬರೀಲಿ? ಅದರ ಮೇಲೆ ಅಣಬೆ ಅಂತ ಹಿರಿಯರ ಸಹಿ ಇದೆ. ಅವರು ಗಾಜಿನ ಪಟ್ಟಿ ಮೇಲೆ ಇಟ್ಟ ಚೂರೊಂದಿದೆ, ಅದು ಸತ್ತಿರೋದು. ಅದರದ್ದೇ ಜೀವ ಇರೋ ತುಂಡು ಸಿಕ್ಕಿದ್ರೆ ನಡೆಸಿ ನೋಡಬಹುದಿತ್ತು. ಆಮೇಲೆ ಒಣಗಿಸಿ, ಆ ಚೂರಿನ ಪಕ್ಕ ಇಟ್ಟು ಸೂಕ್ಷ್ಮದರ್ಶಕದಲ್ಲಿ ಹೋಲಿಸಬಹುದಿತ್ತು. ಎಲ್ಲಿಂದ ತರ್ತೀಯ?”

ಉಳಿದದ್ದನ್ನೆಲ್ಲ ಅಂದೇ ಸ್ಪಿರಿಟ್ ಹಾಕಿ ಉಜ್ಜಿ ತೆಗೆದರೆಂದು ತಾತ ಹೇಳಿದ. ಜುಲೈ 25ಕ್ಕೆ ಸಮಿತಿ ಕೂರುತ್ತದೆ. ಅಂದೇ ಹಳೆಯ ದಾಖಲೆಗಳಿಗೆ ಮೊಹರು ಬಿದ್ದು ಉಗ್ರಾಣ ಸೇರುತ್ತವೆ. ಆಮೇಲೆ ನೀವು ಆ ಪುಟದಲ್ಲಿ ಶಾಶ್ವತವಾಗಿ ವಂಚಕರು.

ಏನಾದರೂ ಉಳಿದಿದೆಯೇ? ನಿಮ್ಮ ಹತ್ತಿರ? ಯೋಚಿಸಿ ಬರೆಯಿರಿ.

ನಿಮ್ಮ ಮಗಳು

---

ಜೂನ್ 24

ಮಗಳೇ,

ಯೋಚಿಸುವುದಕ್ಕೇನೂ ಇಲ್ಲ. ಹೇಳುವುದೋ ಬೇಡವೋ ಎಂಬುದಕ್ಕೇ ಇಷ್ಟು ದಿನ ಹಿಡಿಯಿತು.

ನಾನು ಕದ್ದೆ. ಸ್ಪಿರಿಟ್ ಡಬ್ಬಿ ತರಲು ತಾತ ಹೋಗಿದ್ದಾಗ, ಸೆಳೆಖಾನೆಯ ಮೂಲೆಯಿಂದ ಉಗುರಗಲ ಕೆರೆದು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದೆ. ಸಂಗ್ರಹಾಲಯದ ಸ್ವತ್ತು ಅದು. ನಾನು ವಂಚಕನಲ್ಲ, ಆದರೆ ಕಳ್ಳ ಹೌದು. ಹಾಗಾಗಿಯೇ ಆಮೇಲೆ ಬಾಯಿ ಬಿಡಲಿಲ್ಲ. ತೋರಿಸಿದ್ದರೆ ಒಂದು ಕಳಂಕ ಹೋಗಿ ಇನ್ನೊಂದು ಅಂಟುತ್ತಿತ್ತು. ಆಗ ನಿನ್ನಮ್ಮ ತೀರಿಹೋಗಿ ಮೂರು ತಿಂಗಳಾಗಿತ್ತು. ನನ್ನನ್ನು ಒಳಗೆ ಹಾಕಿದ್ದರೆ ನಿನಗೆ ಯಾರಿದ್ದರು?

ಬಿಸ್ಕತ್ತಿನ ಡಬ್ಬಿಯಲ್ಲಿ ಸಾಕಿದೆ. ಒದ್ದೆ ಕಾಗದದ ಮೇಲೆ ನಾಲ್ಕು ಕಾಳು ಓಟ್ಸ್ ಹಾಕಿದರೆ ಅದಕ್ಕೆ ಹಬ್ಬ. ತಿಂಗಳುಗಟ್ಟಲೆ ಒಣಗಿಸಿಡುತ್ತಿದ್ದೆ, ಮತ್ತೆ ನೀರು ಕೊಟ್ಟು ಎಬ್ಬಿಸುತ್ತಿದ್ದೆ. ಹತ್ತು ವರ್ಷ. ಅಡುಗೆಮನೆ ಕಿಟಕಿಯ ಮೇಲಿನ ಅಟ್ಟದಲ್ಲಿ, ಮುಟ್ಟಬೇಡ ಎಂದು ನಿನಗೆ ಹೇಳಿದ್ದ ಡಬ್ಬಿ.

ಈಗ ಅದರಲ್ಲಿ ಏನೂ ಇಲ್ಲ. ಹೇಗೆ ಎಂದು ಕೇಳಬೇಡ.

ನಿನ್ನಪ್ಪ

---

ಜೂನ್ 29

ಅಪ್ಪ,

ಕೇಳುವುದಿಲ್ಲ. ನನಗೆ ಗೊತ್ತು.

ನಾನೇ ಕೊಂದೆ.

ನಾನು ಮನೆ ಬಿಟ್ಟ ದಿನ ನೀವು ಅಂಗಡಿಗೆ ಹೋಗಿದ್ದಿರಿ. ನಾನು ಸ್ಟೂಲ್ ಹತ್ತಿ ಆ ಡಬ್ಬಿ ಇಳಿಸಿದೆ. ‘ಮುಚ್ಚಿಟ್ಟದ್ದನ್ನೆಲ್ಲ ತೆರೆದು ನೋಡು’ ಎಂದು ಹೊಸದಾಗಿ ಓದಿದ್ದೆ. ಒಳಗೆ ಹಳದಿ, ಅಂಟಂಟು, ಹಸಿ ಮಣ್ಣಿನ ವಾಸನೆ. ಬಣ್ಣ ಕಲಸುವ ಡಬ್ಬಿ ಇದು ಎಂದುಕೊಂಡೆ! ಅಂದು ಬಳಿದ ಬಣ್ಣವನ್ನು ಈ ಮನುಷ್ಯ ಇನ್ನೂ ಇಟ್ಟುಕೊಂಡಿದ್ದಾನೆ, ಇವನ ಪರವಾಗಿ ಶಾಲೆಯಲ್ಲಿ ಹಲ್ಲು ಮುರಿದುಕೊಂಡವಳು ನಾನು, ನನಗೂ ಮೋಸ ಮಾಡಿದನಲ್ಲ ಎಂದು ಸಿಟ್ಟು ನೆತ್ತಿಗೇರಿತು. ಕುದಿಯುವ ನೀರು ಹುಯ್ದೆ. ಒಗೆಯುವ ಸೋಡಾ ಹಾಕಿ, ನಾರು ತೆಗೆದುಕೊಂಡು ತಿಕ್ಕಿದೆ. ಹಳದಿ ಬೆಳ್ಳಗಾಗಿ ಮೋರಿಗೆ ಹರಿದುಹೋಯಿತು. ಆ ಡಬ್ಬಿಯನ್ನು ಕಿಟಕಿಯಲ್ಲಿ ಬೋರಲು ಹಾಕಿ, ಬಟ್ಟೆ ಗಂಟು ಎತ್ತಿಕೊಂಡು ಹೊರಟೆ.

ನೀವು ಕದ್ದ ಸಾಕ್ಷಿಯನ್ನು ನಾನು ತೊಳೆದೆ. ಸತ್ಯ, ಸತ್ಯ ಎಂದು ಬಾಯಿ ಬಡಿದುಕೊಳ್ಳುತ್ತಾ ತೊಳೆದೆ.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಜೂನ್ 3ರಂದು ಸೆಳೆಖಾನೆ ಎಳೆದಾಗ ಮೊದಲು ಬಡಿದದ್ದು ಅದೇ ವಾಸನೆ. ನಾನು ಕಿರುಚಿದ್ದು ಅದು ನಡೆದದ್ದಕ್ಕಲ್ಲ. ಆಗಲೇ ಗೊತ್ತಾಗಿತ್ತು. ಗೊತ್ತಾಗದವಳಂತೆ ನಿಮಗೆ ಪ್ರಶ್ನೆ ಬರೆದೆ.

ನೀವೇಕೆ ಹೇಳಲಿಲ್ಲ? ಎರಡು ವರ್ಷ! ಬಂದು ಕೆನ್ನೆಗೆ ಬಾರಿಸಬಾರದಿತ್ತೇ? ನಿಮ್ಮ ಈ ಒಳ್ಳೆಯತನ ನನಗೆ ಬೇಡ. ಅದನ್ನು ಹೊರಲು ನನ್ನಿಂದ ಆಗುವುದಿಲ್ಲ.

ನಾಳೆ ಮೇಡಮ್‌ಗೆ, ಏನೂ ಉಳಿದಿಲ್ಲ ಎಂದು ಹೇಳಿಬಿಡುತ್ತೇನೆ. ಏಕೆ ಉಳಿದಿಲ್ಲ ಎಂಬುದನ್ನೂ.

ಮಗಳು

---

ಜುಲೈ 4

ಹುಚ್ಚಿ,

ಮೇಡಮ್‌ಗೆ ಏನೂ ಹೇಳಬೇಡ. ಹೇಳಿದ್ದರೆ, ಸ್ವಲ್ಪ ತಡೆಯಿರಿ ಎನ್ನು.

ಹೇಳಲಿಲ್ಲ ಎನ್ನುತ್ತೀಯ. ಹೇಳಿದ್ದೆನಲ್ಲೇ! ಅಂದು ಸಂಜೆ ಅಂಗಡಿಯಿಂದ ಬಂದೆ. ನೀನಿಲ್ಲ. ಕಿಟಕಿಯಲ್ಲಿ ಡಬ್ಬಿ ಬೋರಲು ಬಿದ್ದಿದೆ. ಹತ್ತು ವರ್ಷದಲ್ಲಿ ಅದು ಅಷ್ಟು ಹೊಳೆದದ್ದು ಅದೇ ಮೊದಲು. ಎತ್ತಿ ನೋಡಿದೆ, ಒಳಗೆ ಏನೂ ಇಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ಮುಚ್ಚಳ. ಒಲೆಯ ಪಕ್ಕ ಹಾಗೇ ಇತ್ತು.

ನೀನು ಪಾತ್ರೆ ತೊಳೆಯಲು ಕಲಿತಾಗಿನಿಂದ ಹೇಳಿ ಹೇಳಿ ಸಾಕಾಗಿತ್ತು ನನಗೆ. ಪಾತ್ರೆ ಕನ್ನಡಿ ಹಾಗೆ ತಿಕ್ಕುತ್ತೀಯ, ಮುಚ್ಚಳ ಮಾತ್ರ ಮರೆಯುತ್ತೀಯ. “ವಕೀಲಮ್ಮ, ಮುಚ್ಚಳಕ್ಕೇನು ಬೇರೆ ಆಳು ಬರ್ತಾರಾ?” ಎಂದರೆ, “ಮುಚ್ಚಳದಲ್ಲಿ ಯಾರು ಊಟ ಮಾಡ್ತಾರಪ್ಪ?” ಎಂದು ವಾದ ಹೂಡುತ್ತಿದ್ದೆ.

ಮುಚ್ಚಳದ ಒಳಗೆ ಹಳದಿ ಹತ್ತಿಕೊಂಡಿತ್ತು. ನೋಡಿ ನಗು ಬಂತು, ಅಳುವೂ ಬಂತು. ಒತ್ತುಕಾಗದದ ಮೇಲೆ ಇಳಿಸಿಕೊಂಡು, ಒಣಗಿಸಿ, ಎರಡು ಭಾಗ ಮಾಡಿದೆ. ನನ್ನ ಭಾಗ ಹೋದ ಬೇಸಿಗೆಯಲ್ಲಿ ಇರುವೆಗಳ ಪಾಲಾಯಿತು. ಇನ್ನೊಂದನ್ನು ನಿನಗೆ ಕಳಿಸಿದೆ, ಮೊದಲನೇ ಪತ್ರದಲ್ಲಿ. ಎಲ್ಲವನ್ನೂ ಅದರಲ್ಲೇ ಬರೆದಿದ್ದೆ. ನೀನು ಉತ್ತರ ಬರೆಯದಿದ್ದಾಗ, ಓದಿದ ಮೇಲೂ ಕ್ಷಮಿಸಿಲ್ಲ ಎಂದುಕೊಂಡೆ. ಓದಿಯೇ ಇಲ್ಲ ಎಂದು ಗೊತ್ತಾದದ್ದು ನಿನ್ನ ಜೂನ್ ಮೂರರ ಕಾಗದ ಬಂದಾಗ.

ಆಗಲೇ ಹೇಳಬಹುದಿತ್ತು. ಆದರೆ ನೀನು ಓದದೇ ಉಳಿದ ಮೇಲೆ, ಡಬ್ಬಿಯಿಂದ ತೊಳೆದದ್ದು ಏನನ್ನೆಂದು ನಿನಗೆ ತಿಳಿಯದಿರುವುದೇ ವಾಸಿ ಎನಿಸಿತು. ಈಗ ತಿಳಿದೇಹೋಯಿತು.

ಮೇಜಿನ ಕಾಲಿನ ಅಡಿ ನೋಡು. ಎರಡು ವರ್ಷ ಒತ್ತಡದಲ್ಲಿದೆ. ಬದುಕಿದೆ ಎಂದು ನಾನು ಹೇಳಲಾರೆ. ಒಣಗಿದ ಹಾಗೇ ಇದ್ದರೆ ಆಸೆಯಿದೆ. ತಣ್ಣೀರು ಹನಿಸು, ಹೆಚ್ಚು ಬೇಡ. ಕತ್ತಲಲ್ಲಿಡು. ಅವಸರ ಮಾಡಬೇಡ, ತಾಳ್ಮೆ ನಿನಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ.

ಅಪ್ಪ

---

ಜುಲೈ 9

ಅಪ್ಪ,

ಪತ್ರ ತೆಗೆದೆ. ಲಕೋಟೆಯ ಮೇಲೆ ಮೇಜಿನ ಕಾಲಿನ ಗುಂಡಗಿನ ಗುರುತು ಬಿದ್ದಿದೆ. ಒಳಗೆ ಒತ್ತುಕಾಗದ, ಅದರ ಮೇಲೆ ಕಂದು ಹಳದಿ ಚಕ್ಕೆ, ಮಡಿಕೆಯ ಉದ್ದಕ್ಕೂ ಬಿರುಕು. ಅರ್ಧ ಪುಡಿಯಾಗಿದೆ. ನೀರು ಹನಿಸಿ, ಸೂಪಿನ ಬಟ್ಟಲು ಕವುಚಿ ಇಟ್ಟಿದ್ದೇನೆ. ಮೇಡಮ್‌ಗೆ ಎಲ್ಲ ಹೇಳಿಯಾಗಿತ್ತು. “ಇಪ್ಪತ್ತೈದರವರೆಗೂ ನಾನು ಏನೂ ಕೇಳಿಸ್ಕೊಂಡಿಲ್ಲ,” ಎಂದರು.

ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಇವತ್ತು. ಏನೂ ಇಲ್ಲ.

ನಿಮ್ಮ ಪತ್ರವನ್ನು ಮಾತ್ರ ಇನ್ನೂ ಓದಿಲ್ಲ. ಅದು ಎದ್ದ ಮೇಲೆ ಓದುತ್ತೇನೆ. ಏಳದಿದ್ದರೆ ಓದುವ ಯೋಗ್ಯತೆ ನನಗಿಲ್ಲ.

ಮಗಳು

---

ಜುಲೈ 26

ಅಪ್ಪಾ,

ಎದ್ದಿತು! ಮೂರನೆಯ ದಿನ ಬೆಳಿಗ್ಗೆ ಬಟ್ಟಲು ಎತ್ತಿದರೆ ಬಿರುಕಿನ ಒಂದು ಪಕ್ಕದಲ್ಲಿ ಸಾಸಿವೆಯಷ್ಟು ಹಸಿ ಹಳದಿ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಪಕ್ಕದಲ್ಲೂ ಒಂದು. ಸಂಜೆಗೆ ಎರಡೂ ಕೈ ಚಾಚಿದಂತೆ ಚಾಚಿ, ಬಿರುಕು ದಾಟಿ ಕೂಡಿಕೊಂಡವು. ನಾನು ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಕೆಳಗಿನ ಮನೆಯಾಕೆ ಹತ್ತಿಬಂದು, “ಏನಾಯ್ತಮ್ಮ, ಯಾರಾದ್ರೂ ಹೋಗ್ಬಿಟ್ರಾ?” ಎಂದರು. “ಇಲ್ಲ, ಬಂದ್ರು,” ಎಂದೆ.

ಆಮೇಲೆ ನಿನ್ನ ಪತ್ರ ಓದಿದೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಮೇಡಮ್ ಅದನ್ನು ಬೆಳೆಸಿ, ನಡೆಸಿ, ಒಂದು ತುಂಡನ್ನು ಮತ್ತೆ ಒಣಗಿಸಿ, ಹಿರಿಯರ ಗಾಜಿನ ಪಟ್ಟಿಯ ಪಕ್ಕ ಇಟ್ಟರು. ಸಮಿತಿಯ ಐವರೂ ಸಾಲಾಗಿ ಬಗ್ಗಿ ನೋಡಿದರು. ಎರಡೂ ಒಂದೇ. ಅಣಬೆ ವಿಭಾಗದವರು ಎರಡು ಸಲ ನೋಡಿ, “ಹಾಗಾದ್ರೆ ಇದು ನಮ್ಮದಲ್ಲ,” ಎಂದರು. ಹನ್ನೆರಡು ವರ್ಷ ತಡವಾಗಿ! ಬೀಗದ ತಾತ ಬಾಗಿಲಲ್ಲೇ ನಿಂತಿದ್ದವನು ತಲೆ ಮೇಲಿನ ಟೋಪಿ ತೆಗೆದ. “ಅವನು ನಿಜ ಹೇಳ್ದ ಕಣಮ್ಮ. ಸ್ಪಿರಿಟ್ ಹಾಕಿ ಉಜ್ಜಿದ್ದು ನಾನೇ,” ಎಂದ.

ಕೆಂಪು ಸಾಲು ಹೊಡೆದುಹಾಕಿದರು. ಹೊಸ ಸಾಲು ಬರೆಯಲು ಪೆನ್ನು ನನ್ನ ಕೈಗೆ ಬಂತು. ಒಳ್ಳೆಯದನ್ನಷ್ಟೇ ಬರೆಯಬಹುದಿತ್ತು, ಮೇಡಮ್ ಕಣ್ಣಲ್ಲೇ ಹಾಗೆ ಹೇಳಿದರು. ನನ್ನಿಂದ ಆಗಲಿಲ್ಲ. ಬರೆದದ್ದನ್ನು ಇದ್ದ ಹಾಗೇ ಕೊಡುತ್ತಿದ್ದೇನೆ, ಬೈಯುವುದಾದರೆ ಬೈ:

‘ಮಾದರಿ ಜೀವಂತ. ತಾನಾಗಿಯೇ ನಡೆಯಿತು. ಜೋಡಣೆಗಾರ ಹೇಳಿದ್ದು ನಿಜ. ಒಂದು ತುಂಡನ್ನು ಅವನು ಅನುಮತಿಯಿಲ್ಲದೆ ಒಯ್ದು ಹತ್ತು ವರ್ಷ ಸಾಕಿದ. ಅದನ್ನು ಬಣ್ಣವೆಂದು ತಿಳಿದು ಬಿಸಿನೀರು ಹಾಕಿ ಕೊಂದವಳು ಅವನ ಮಗಳು. ಮುಚ್ಚಳದಲ್ಲಿದ್ದದ್ದು ಉಳಿಯಿತು.’

ವಿಭಾಗ ಎಂಬ ಅಂಕಣ ಬಂದಾಗ ಪೆನ್ನು ನಿಂತಿತು. ಗಿಡ ಎನ್ನಲೇ, ಪ್ರಾಣಿ ಎನ್ನಲೇ? “ಗೊತ್ತಿಲ್ಲ ಅಂತ ಬರಿ,” ಎಂದರು ಮೇಡಮ್. ಬರೆದೆ. ನಾಚಿಕೆಯಾಗಲಿಲ್ಲ.

ತಬ್ಬಲಿ ಕಪಾಟನ್ನು ಖಾಲಿ ಮಾಡಿಸುವ ಶಪಥವನ್ನು ಮುಂದಕ್ಕೆ ಹಾಕಿದ್ದೇನೆ. ಮೂರನೇ ಸೆಳೆಖಾನೆ ಈಗ ನನ್ನ ಸುಪರ್ದಿಯಲ್ಲಿದೆ. ನಿನ್ನ ಪತ್ರ ತೆಗೆದಾಗಿನಿಂದ ಮೇಜು ಅಲುಗುತ್ತಿದೆ. ಅದಕ್ಕೇ ಅಕ್ಷರ ಹೀಗೆ ಸೊಟ್ಟಗಿದೆ. ಬೇರೇನನ್ನೂ ಅಡಿಗೆ ಕೊಡುವುದಿಲ್ಲ. ಹೇಗೂ ನಿನಗೆ ಮರಗೆಲಸ ಗೊತ್ತು.

ಬಂದುಬಿಡು. ಅದು ನಿನ್ನ ಗುರುತು ಹಿಡಿಯುವುದಿಲ್ಲ, ಅದಕ್ಕೆ ಕಣ್ಣಿಲ್ಲ. ಆದರೂ ಬಾ. ಬರುವಾಗ ಆ ಡಬ್ಬಿ ತಾ.

ಮುಚ್ಚಳ ತೊಳೆಯಬೇಡ.

ನಿನ್ನ
ವಕೀಲಮ್ಮ